ಜೀವಕೋಶವನ್ನು ಕಣ್ಣಾರೆ ನೋಡಿ ಕಲಿಯುವುದು ಹೇಗೆ: ಈರುಳ್ಳಿ ಪೊರೆಯಿಂದ ಶುರುಮಾಡಿ ಹಂತ ಹಂತವಾಗಿ

"ಸ್ಲೈಡ್ ಮಾಡಿದೆ, ಏನೂ ಕಾಣಲಿಲ್ಲ." "ಬರೀ ಕಪ್ಪು ಉಂಗುರಗಳು ಕಂಡವು." "ಚಿತ್ರದಲ್ಲಿರುವ ಮೈಟೋಕಾಂಡ್ರಿಯಾ ಎಲ್ಲಿದೆ?" ಜೀವಕೋಶ ಕಲಿಯಲು ಹೊರಟವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಎಲ್ಲರೂ ಎಡವುವ ಜಾಗವೂ ಒಂದೇ. ಮೊದಲು ಹತ್ತು ಹದಿನೈದು ಹೆಸರುಗಳಿರುವ ಬಣ್ಣದ ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಅದೇ ಚಿತ್ರವನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತಾರೆ. ಅದು ಅಲ್ಲಿ ಸಿಗುವುದಿಲ್ಲ.

ಒಂದು ಸ್ಲೈಡು ತೋರಿಸುವುದು ಕೆಲವೇ ಭಾಗಗಳನ್ನು. ಕೋಶದ್ರವ್ಯವನ್ನು ಸುತ್ತುವರಿದ ತೆಳು ಪದರವಾದ ಕೋಶಪೊರೆಯಂತೂ ಕೆಲಸ ಮಾಡುವಾಗ ಮಾತ್ರ ತನ್ನ ಗುರುತು ಬಿಟ್ಟುಕೊಡುತ್ತದೆ. ಅದಕ್ಕೇ ಇಲ್ಲಿ ಕ್ರಮ ತಿರುಗುಮುರುಗು: ಮೊದಲು ನೋಡುವುದು, ಆಮೇಲೆ ಅಳೆಯುವುದು, ಆಮೇಲೆ ಕೋಶಕ್ಕೆ ಕೆಲಸ ಕೊಟ್ಟು ನೋಡುವುದು. ಕಾಣದ ಭಾಗಗಳು ಕೊನೆಗೆ. ಹಂತಗಳನ್ನು ಹಾರಿಸಬೇಡಿ. ಒಂದರಲ್ಲಿ ಕಂಡದ್ದು ಮುಂದಿನದಕ್ಕೆ ಬೇಕಾಗುತ್ತದೆ.

## 1. ಬೇಕಾಗುವ ಸಾಮಾನು

ಕಾಂಪೌಂಡ್ ಮೈಕ್ರೋಸ್ಕೋಪ್ ಬೇಕು. ಕಣ್ಣಿಡುವ ಮಸೂರ 10ಎಕ್ಸ್, ಕೆಳಗಿನ ಮಸೂರಗಳು 4ಎಕ್ಸ್, 10ಎಕ್ಸ್, 40ಎಕ್ಸ್ ಇದ್ದರೆ ಸಾಕು. ಎರಡನ್ನೂ ಗುಣಿಸಿದರೆ ಒಟ್ಟು ವರ್ಧನೆ: 40, 100, 400 ಪಟ್ಟು. 400ಕ್ಕಿಂತ ಜಾಸ್ತಿ ಈ ಕೆಲಸಕ್ಕೆ ಬೇಡ.

ಉಳಿದವು: ಗಾಜಿನ ಸ್ಲೈಡು, ಅದರ ಮೇಲೆ ಮುಚ್ಚುವ ತೆಳು ಗಾಜು (ಕವರ್ ಸ್ಲಿಪ್), ಡ್ರಾಪರ್, ಚಿಮುಟ, ಸೂಜಿ, ಹೊಸ ಬ್ಲೇಡು, ಮೆತ್ತನೆಯ ಸಣ್ಣ ಬ್ರಶ್, ಅಗಲ ಬಾಯಿಯ ಸಣ್ಣ ಬಟ್ಟಲು, ನೀರು ಹೀರುವ ಕಾಗದ. ಬಣ್ಣಕ್ಕೆ ಅಯೋಡಿನ್ ಅಥವಾ ಸ್ಯಾಫ್ರನಿನ್, ಜೊತೆಗೆ ಮಿಥಿಲೀನ್ ಬ್ಲೂ. ಎರಡು ಉಪ್ಪುನೀರು ಬೇರೆಬೇರೆ ಮಾಡಿಟ್ಟುಕೊಳ್ಳಿ. ಒಂದರಲ್ಲಿ 100 ಮಿಲಿ ನೀರಿಗೆ 0.9 ಗ್ರಾಂ ಉಪ್ಪು, ಇನ್ನೊಂದರಲ್ಲಿ 100 ಮಿಲಿಗೆ 8 ಗ್ರಾಂ. ಬಾಟಲಿಗಳ ಮೇಲೆ ಚೀಟಿ ಅಂಟಿಸಿ. ಇವು ಅದಲುಬದಲಾದರೆ 7 ಮತ್ತು 9ನೇ ಹಂತ ಹಾಳು.

ಈ ಬಣ್ಣಗಳು ಕೈಗೆ, ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಮೈಕ್ರೋಸ್ಕೋಪಿನಲ್ಲಿ ಬಲ್ಬಿನ ಬದಲು ಕನ್ನಡಿ ಇದ್ದರೆ ಅದನ್ನು ಯಾವ ಕಾರಣಕ್ಕೂ ನೇರ ಸೂರ್ಯನ ಕಡೆ ತಿರುಗಿಸಬೇಡಿ. ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ.

## 2. ಈರುಳ್ಳಿ ಪೊರೆ ತೆಗೆಯುವುದು

ಅರ್ಧಕ್ಕರ್ಧ ಜನ ಸೋಲುವುದು ಇಲ್ಲೇ. ಹೊರಗಿನ ಒಣ ಸಿಪ್ಪೆ ನಮಗೆ ಬೇಡ. ಒಳಗಿನ ರಸಭರಿತ ಎಸಳೊಂದನ್ನು ಬಿಡಿಸಿಕೊಳ್ಳಿ. ಎಸಳಿಗೆ ಎರಡು ಮೈ ಇರುತ್ತದೆ, ಉಬ್ಬಿದ ಹೊರಮೈ ಮತ್ತು ತಗ್ಗಾದ ಒಳಮೈ. ಪೊರೆ ಸಲೀಸಾಗಿ ಬಿಡುವುದು ಒಳಮೈಯಿಂದ.

ಒಳಮೈ ಮೇಲೆ ಬ್ಲೇಡಿನ ತುದಿಯಿಂದ ಅರ್ಧ ಸೆಂಟಿಮೀಟರ್ ಅಳತೆಯ ಚೌಕ ಗೀರಿ. ಆಳ ಬೇಡ, ಗೆರೆ ಮೂಡಿದರೆ ಸಾಕು. ಚೌಕದ ಒಂದು ಮೂಲೆಯನ್ನು ಚಿಮುಟದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ತೆಳ್ಳನೆಯ, ಒದ್ದೆ ಕಾಗದದಂಥ ಪೊರೆ ಎದ್ದು ಬರುತ್ತದೆ. ಬಂದ ಕೂಡಲೇ ಬಟ್ಟಲಿನ ನೀರಿಗೆ ಬಿಡಿ. ಗಾಳಿಯಲ್ಲಿ ಅರ್ಧ ನಿಮಿಷ ಇಟ್ಟರೂ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಪೊರೆ ಸರಿಯಾಗಿದೆಯೇ ಎಂದು ತಿಳಿಯಲು ಬಟ್ಟಲಿನ ಕೆಳಗೆ ಅಚ್ಚಾದ ಕಾಗದ ಇಡಿ. ಪೊರೆಯ ಮೂಲಕ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಸರಿ. ಮಂಜುಮಂಜಾಗಿದ್ದರೆ ಕೆಳಗಿನ ತಿರುಳು ಅಂಟಿಕೊಂಡು ಬಂದಿದೆ ಎಂದರ್ಥ. ಅದನ್ನು ಎಸೆದು ಇನ್ನೊಂದು ತೆಗೆಯಿರಿ. ದಪ್ಪ ಪೊರೆಯನ್ನು ಯಾವ ಮಸೂರವೂ ಸರಿಮಾಡಲಾರದು.

## 3. ಬಣ್ಣ ಹಾಕಿ ಮುಚ್ಚುವುದು

ಸ್ಲೈಡಿನ ನಡುವೆ ಒಂದು ಹನಿ ನೀರು ಹಾಕಿ. ಪೊರೆಯನ್ನು ಬ್ರಶ್ಶಿನಿಂದ ಎತ್ತಿ ಆ ಹನಿಯಲ್ಲಿ ಹಾಸಿ. ಮಡಿಕೆ ಬಿದ್ದಿದ್ದರೆ ಸೂಜಿಯಿಂದ ಅಂಚು ಸರಿಪಡಿಸಿ. ಮಡಿಕೆ ಉಳಿದರೆ ಎರಡು ಪದರಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಬಲೆಯ ಹಾಗೆ ಕಾಣುತ್ತವೆ.

ಈಗ ಬಣ್ಣ ಒಂದೇ ಹನಿ. ಒಂದೆರಡು ನಿಮಿಷ ಬಿಡಿ. ಹೆಚ್ಚಾದ ಬಣ್ಣವನ್ನು ಕಾಗದದ ಅಂಚಿನಿಂದ ಹೀರಿ, ಹೊಸ ನೀರು ಒಂದು ಹನಿ ಹಾಕಿ. ಜಾಸ್ತಿ ಬಣ್ಣ ಹಾಕಿದರೆ ಜಾಸ್ತಿ ಕಾಣುತ್ತದೆ ಎಂದು ಅನಿಸುವುದು ಸಹಜ. ಆಗುವುದು ಉಲ್ಟಾ: ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ ಕೋಶಕೇಂದ್ರ ಮುಳುಗಿಹೋಗುತ್ತದೆ.

ಕವರ್ ಸ್ಲಿಪ್ಪನ್ನು ಮೇಲಿಂದ ಸುಮ್ನೆ ಬೀಳಿಸಬೇಡಿ. ಒಂದು ಅಂಚನ್ನು ನೀರಿನ ಹನಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಟ್ಟು ಮೆಲ್ಲಗೆ ಇಳಿಸಿ. ನೀರು ಮುಂದೆ ಹರಿಯುತ್ತಾ ಗಾಳಿಯನ್ನು ಹೊರಗೆ ತಳ್ಳುತ್ತದೆ. ಕವರ್ ಸ್ಲಿಪ್ ತೇಲುತ್ತಿದ್ದರೆ ನೀರು ಹೆಚ್ಚಾಗಿದೆ, ಪಕ್ಕದಿಂದ ಹೀರಿ. ಗುಳ್ಳೆ ಉಳಿದಿದ್ದರೆ ಬೆರಳಿನಿಂದ ಒತ್ತಬೇಡಿ, ಗಾಜು ಒಡೆಯುತ್ತದೆ. ಎತ್ತಿ ಮತ್ತೆ ಇಳಿಸಿ.

## 4. ಫೋಕಸ್ ಮಾಡುವ ಕ್ರಮ

ಯಾವಾಗಲೂ 4ಎಕ್ಸ್‌ನಿಂದ ಶುರು. ಪಕ್ಕದಿಂದ ನೋಡುತ್ತಾ, ಕಣ್ಣು ಮಸೂರಕ್ಕೆ ಇಡದೆ, ದೊಡ್ಡ ತಿರುಪಿನಿಂದ ಸ್ಲೈಡನ್ನು ಮಸೂರದ ಹತ್ತಿರ ತನ್ನಿ. ಆಮೇಲೆ ಕಣ್ಣಿಟ್ಟು, ಎರಡರ ನಡುವಿನ ಅಂತರ ಹೆಚ್ಚುವ ದಿಕ್ಕಿಗೆ ಮಾತ್ರ ತಿರುಗಿಸಿ. ಹೀಗೆ ಮಾಡಿದರೆ ಮಸೂರ ಗಾಜಿಗೆ ಬಡಿಯುವ ಭಯವಿಲ್ಲ. ಚಿತ್ರ ಸ್ಪಷ್ಟವಾದ ಮೇಲೆ ನೋಡಬೇಕಾದ ಜಾಗವನ್ನು ನಡುವಿಗೆ ತಂದು 10ಎಕ್ಸ್‌ಗೆ, ಅಲ್ಲಿ ಸ್ಪಷ್ಟವಾದ ಮೇಲೆ 40ಎಕ್ಸ್‌ಗೆ ಹೋಗಿ. 40ಎಕ್ಸ್‌ನಲ್ಲಿ ದೊಡ್ಡ ತಿರುಪು ಮುಟ್ಟಲೇಬಾರದು. ಆ ಮಸೂರಕ್ಕೂ ಕವರ್ ಸ್ಲಿಪ್ಪಿಗೂ ನಡುವೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಅಂತರವೂ ಇರುವುದಿಲ್ಲ.

ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತದೆ. ಐದು ನಿಮಿಷದಲ್ಲಿ ಕೈಗೆ ರೂಢಿಯಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಬೆಳಕು ಕಡಿಮೆ ಮಾಡಿ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ಸಣ್ಣ ಹಿಡಿಯೋ ಚಕ್ರವೋ ಇರುತ್ತದೆ. ಅದೇ ಡಯಾಫ್ರಮ್. ಕೋಶಗಳು ಗಾಜಿನಂತೆ ಪಾರದರ್ಶಕ. ಪೂರ್ತಿ ಬೆಳಕಿನಲ್ಲಿ ಅವು ಬಿಳಿ ಬಯಲಿನಲ್ಲಿ ಕರಗಿಹೋಗುತ್ತವೆ. ಡಯಾಫ್ರಮ್ ಅರ್ಧ ಮುಚ್ಚಿ ನೋಡಿ, ಇಲ್ಲದಿದ್ದ ಗೆರೆಗಳು ಎದ್ದು ಬರುತ್ತವೆ. "ಏನೂ ಕಾಣುತ್ತಿಲ್ಲ" ಎಂದವರ ಮೈಕ್ರೋಸ್ಕೋಪಿನಲ್ಲಿ ನಾನು ಮೊದಲು ಮುಟ್ಟುವುದು ಇದನ್ನೇ. ಬಹಳ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ಕಾಣುವುದೆಲ್ಲ ಕೋಶವಲ್ಲ. ಅನುಮಾನ ಬಂದಾಗ ಹೀಗೆ ಪರೀಕ್ಷಿಸಿ:

- ಪೂರಾ ದುಂಡಗೆ, ದಪ್ಪ ಕಪ್ಪು ಅಂಚು, ಒಳಗೆ ಖಾಲಿ: ಗಾಳಿಗುಳ್ಳೆ.
- ಸ್ಲೈಡ್ ಸರಿಸಿದರೂ ಅಲುಗದ ಚುಕ್ಕೆ: ಮಸೂರದ ಮೇಲಿನ ಕೊಳೆ. ಕಣ್ಣಿಡುವ ಮಸೂರ ತಿರುಗಿಸಿದಾಗ ಅದೂ ತಿರುಗಿದರೆ ಕೊಳೆ ಅಲ್ಲೇ ಇದೆ.
- ಉದ್ದನೆ ನೂಲಿನಂಥದ್ದು, ಒಳಗೆ ಯಾವ ವಿಭಾಗವೂ ಇಲ್ಲ: ಬಟ್ಟೆಯ ಅಥವಾ ಕಾಗದದ ಎಳೆ.

## 5. ಈರುಳ್ಳಿ ಕೋಶದಲ್ಲಿ ಏನು ನೋಡಬೇಕು

10ಎಕ್ಸ್ ಮಸೂರದಲ್ಲಿ ಇಟ್ಟಿಗೆ ಗೋಡೆಯಂಥ ಜೋಡಣೆ ಕಾಣುತ್ತದೆ. ಇಟ್ಟಿಗೆಯೊಂದು ಕೋಶ, ನಡುವಿನ ಗೆರೆಯೇ ಕೋಶಭಿತ್ತಿ. ಇದು ಸೆಲ್ಯುಲೋಸಿನಿಂದ ಆದ ಗಟ್ಟಿ ಹೊದಿಕೆ. ಕೋಶಕ್ಕೆ ಆಕಾರ ಕೊಡುವುದು, ನೀರು ತುಂಬಿ ಉಬ್ಬಿದಾಗ ಒಡೆಯದಂತೆ ತಡೆಯುವುದು ಇದರ ಕೆಲಸ. ಈ ಗೆರೆಗೆ "ಕೋಶಪೊರೆ" ಎಂದು ಹೆಸರು ಬರೆಯುವುದು ಅತಿ ಸಾಮಾನ್ಯ ತಪ್ಪು. ಕೋಶಪೊರೆಯ ದಪ್ಪ 10 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಒಳಗೆ. ಬೆಳಕಿನ ಮೈಕ್ರೋಸ್ಕೋಪ್ ಬಿಡಿಬಿಡಿಯಾಗಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 200 ನ್ಯಾನೋಮೀಟರ್. ಪೊರೆ ಅಲ್ಲಿದೆ, ಭಿತ್ತಿಗೆ ಒತ್ತಿಕೊಂಡಿದೆ, ಆದರೆ ಸದ್ಯಕ್ಕೆ ಕಾಣದು.

ಬಣ್ಣ ಹಿಡಿದ ದುಂಡು ಚುಕ್ಕೆ ಕೋಶಕೇಂದ್ರ. ಅಯೋಡಿನ್ ಹಾಕಿದ್ದರೆ ಕಂದು, ಸ್ಯಾಫ್ರನಿನ್ ಹಾಕಿದ್ದರೆ ಕೆಂಪು. ಇದರಲ್ಲಿ ಡಿಎನ್‌ಎ ಇದೆ, ಕೋಶ ಯಾವ ಪ್ರೋಟೀನ್ ಯಾವಾಗ ಮಾಡಬೇಕು ಎಂಬ ಬರಹ ಇಲ್ಲಿದೆ. ಈಗ ಒಂದು ಕೋಶವನ್ನು ಆರಿಸಿ ಎರಡು ನಿಮಿಷ ಅದನ್ನೇ ನೋಡಿ. ಕೋಶಕೇಂದ್ರ ಎಲ್ಲಿದೆ? ಹಲವು ಕೋಶಗಳಲ್ಲಿ ಅದು ನಟ್ಟನಡುವೆ ಇಲ್ಲ, ಒಂದು ಬದಿಯ ಗೋಡೆಗೆ ಒರಗಿಕೊಂಡಿದೆ. ಕೆಲವು ಕಡೆ ಚಪ್ಪಟೆಯಾಗಿ ಬೀಜದ ಹಾಗಿದೆ. ಅದನ್ನು ಬದಿಗೆ ತಳ್ಳಿದ್ದು ಯಾರು? ನಡುವೆ ಖಾಲಿಯಾಗಿ ಕಾಣುವ ಆ ಜಾಗವೇ ರಸದಾನಿ. ಒಳಗೆ ನೀರು, ಲವಣ, ಸಕ್ಕರೆ ಕರಗಿವೆ. ಕೋಶದ ಬಹುಪಾಲು ಜಾಗ ಅದರದ್ದೇ. ಕೋಶದೊಳಗಿನ ಅರೆದ್ರವವಾದ ಕೋಶದ್ರವ್ಯಕ್ಕೆ ಉಳಿದಿರುವುದು ಗೋಡೆಯ ಪಕ್ಕದ ತೆಳು ಅಂಚು. ಖಾಲಿ ಎಂದುಕೊಂಡದ್ದು ಖಾಲಿಯಲ್ಲ, ಅಲ್ವಾ?

ಕೆಲವು ಕೋಶಗಳಲ್ಲಿ ಕೋಶಕೇಂದ್ರವೇ ಇಲ್ಲ ಎನಿಸಬಹುದು. ಸಣ್ಣ ತಿರುಪನ್ನು ಸ್ವಲ್ಪ ಹಿಂದೆಮುಂದೆ ಆಡಿಸಿ. ಕೋಶಕ್ಕೆ ಆಳವೂ ಇದೆ. ಒಂದು ಸಲಕ್ಕೆ ನಿಮಗೆ ಒಂದು ಮಟ್ಟ ಮಾತ್ರ ಸ್ಪಷ್ಟ.

ಬೆಳಕಿನಿಂದ ಸಕ್ಕರೆ ಮಾಡುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್ ಹುಡುಕಬೇಡಿ. ಈ ಪೊರೆಯಲ್ಲಿ ಅವು ಇಲ್ಲ. ಗಿಡದ ಕೋಶ ಎಂದ ಮಾತ್ರಕ್ಕೆ ಹಸಿರು ಇರಬೇಕು ಎಂದೇನಿಲ್ಲ. ಈರುಳ್ಳಿ ಗೆಡ್ಡೆ ಬೆಳೆಯುವುದು ಮಣ್ಣಿನ ಮಟ್ಟದಲ್ಲಿ, ಅದರ ಒಳ ಎಸಳಿಗೆ ಬೆಳಕಿನ ಕೆಲಸವೇ ಇಲ್ಲ.

## 6. ಅಳತೆ

4ಎಕ್ಸ್‌ನಲ್ಲಿ ಪಾರದರ್ಶಕ ಸ್ಕೇಲ್ ಇಟ್ಟು, ಕಣ್ಣಿಟ್ಟಾಗ ಕಾಣುವ ದುಂಡು ಕಿಟಕಿಯ ಅಡ್ಡಳತೆ ಎಷ್ಟು ಮಿಲಿಮೀಟರ್ ಎಂದು ಎಣಿಸಿ. 4.5 ಬಂತು ಎಂದುಕೊಳ್ಳಿ. ವರ್ಧನೆ ಹೆಚ್ಚಿದಷ್ಟೂ ಕಿಟಕಿ ಕಿರಿದಾಗುತ್ತದೆ: 10ಎಕ್ಸ್‌ನಲ್ಲಿ 1.8 ಮಿಲಿಮೀಟರ್, 40ಎಕ್ಸ್‌ನಲ್ಲಿ 0.45. ಈಗ 10ಎಕ್ಸ್‌ನಲ್ಲಿ ಉದ್ದುದ್ದಕ್ಕೆ ಎಷ್ಟು ಕೋಶ ಹಿಡಿದಿವೆ ಎಂದು ಎಣಿಸಿ ಭಾಗಿಸಿ. 6 ಇದ್ದರೆ ಒಂದರ ಉದ್ದ 0.3 ಮಿಲಿಮೀಟರ್.

"40ಎಕ್ಸ್‌ಗೆ ಹೋದರೆ ಎರಡು ಗೆರೆ ಬಿಟ್ಟು ಏನೂ ಇಲ್ಲ" ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. 0.3 ಮಿಲಿಮೀಟರ್ ಉದ್ದದ ಕೋಶ 0.45ರ ಕಿಟಕಿಯನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ನೀವು ಕೋಶದ ಒಳಗೇ ನಿಂತಿದ್ದೀರಿ. ಜೋಡಣೆ ನೋಡಲು 10ಎಕ್ಸ್, ಕೋಶಕೇಂದ್ರ ನೋಡಲು 40ಎಕ್ಸ್.

## 7. ಕೆನ್ನೆಯ ಒಳಪದರದ ಕೋಶ

ಬಾಯಿ ಮುಕ್ಕಳಿಸಿ. ಶುಚಿಯಾದ ಹತ್ತಿಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಸವರಿ. ಕೆರೆಯಬೇಡಿ, ನೋವಾಗಬಾರದು. ಸ್ಲೈಡಿನ ಮೇಲೆ 0.9 ಗ್ರಾಂ ಲೆಕ್ಕದ ಉಪ್ಪುನೀರು ಒಂದು ಹನಿ ಹಾಕಿ, ಕಡ್ಡಿಯನ್ನು ಅದರಲ್ಲಿ ಉರುಳಿಸಿ. ಸೂಜಿಮೊನೆಯಷ್ಟು ಮಿಥಿಲೀನ್ ಬ್ಲೂ ಸೇರಿಸಿ ಮುಚ್ಚಿ. ಕಡ್ಡಿಯನ್ನು ಕೂಡಲೇ ಸೋಂಕುನಿವಾರಕದಲ್ಲಿ ಹಾಕಿ. ಅವರವರ ಕೋಶ ಅವರವರೇ ತೆಗೆದುಕೊಳ್ಳಬೇಕು, ಕಡ್ಡಿ ಹಂಚಿಕೊಳ್ಳಬಾರದು.

ಬರಿ ನೀರು ಯಾಕೆ ಬೇಡ? ಈ ಕೋಶಕ್ಕೆ ಭಿತ್ತಿಯಿಲ್ಲ. ಬರಿ ನೀರಿನಲ್ಲಿ ಅದು ನೀರು ಹೀರಿ ಉಬ್ಬುತ್ತದೆ. ತಡೆಯಲು ಗೋಡೆಯೇ ಇಲ್ಲ.

ಕಾಣುವುದು: ಅಂಕುಡೊಂಕಾದ ತೆಳು ಹಾಳೆಗಳು, ಕೆಲವು ಮಡಚಿಕೊಂಡಿವೆ, ಪ್ರತಿಯೊಂದರ ನಡುವೆ ಗಾಢ ನೀಲಿ ಚುಕ್ಕೆ. 40ಎಕ್ಸ್ ಕಿಟಕಿಯಲ್ಲಿ ಅಳೆದರೆ ಒಂದರ ಅಗಲ ಸುಮಾರು 50ರಿಂದ 80 ಮೈಕ್ರೋಮೀಟರ್ ಬರುತ್ತದೆ (ಸಾವಿರ ಮೈಕ್ರೋಮೀಟರ್ ಸೇರಿದರೆ ಒಂದು ಮಿಲಿಮೀಟರ್). ಈರುಳ್ಳಿ ಕೋಶಕ್ಕಿಂತ ಎಷ್ಟೋ ಚಿಕ್ಕದು. ದೊಡ್ಡ ರಸದಾನಿ ಇಲ್ಲದ್ದರಿಂದ ಕೋಶಕೇಂದ್ರವನ್ನು ಬದಿಗೆ ತಳ್ಳುವವರಿಲ್ಲ.

ಒಂದು ಎಚ್ಚರಿಕೆ. ಕೋಶದ ಮೇಲೆಲ್ಲ ಪುಟ್ಟ ನೀಲಿ ಚುಕ್ಕೆ, ಕಡ್ಡಿಗಳು ಹರಡಿರುತ್ತವೆ. ಅನೇಕರು ಅದಕ್ಕೆ ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಎಂದು ಹೆಸರು ಬರೆಯುತ್ತಾರೆ. ಅವು ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಕೋಶದ ಅಂಚಿನಾಚೆ, ಖಾಲಿ ನೀರಿನಲ್ಲೂ ಅಂಥವೇ ಇವೆಯೇ ಎಂದು ನೋಡಿ. ಇದ್ದರೆ ಗುರುತು ಸಿಕ್ಕಿತು. ಅವೂ ಜೀವಕೋಶಗಳೇ, ಆದರೆ ಕೋಶಕೇಂದ್ರವಿಲ್ಲದವು. ಡಿಎನ್‌ಎ ಇದೆ, ಅದನ್ನು ಸುತ್ತುವರಿದ ಪೊರೆ ಇಲ್ಲ. ಎರಡು ಬಗೆಯ ಕೋಶಗಳ ಗಾತ್ರದ ವ್ಯತ್ಯಾಸ ಒಂದೇ ನೋಟದಲ್ಲಿ ಸಿಗುವ ಜಾಗ ಇದು.

## 8. ಜೀವಂತ ಕೋಶದ ಚಲನೆ

ಇಲ್ಲಿಯವರೆಗೆ ಕಂಡ ಈರುಳ್ಳಿ ಕೋಶಗಳು ಸತ್ತವು, ಅಯೋಡಿನ್ ಕೊಲ್ಲುತ್ತದೆ. ಬದುಕಿರುವ ಕೋಶ ನೋಡಲು ಹೈಡ್ರಿಲ್ಲಾ ಎಂಬ ನೀರುಗಿಡದ ಎಳೆ ಎಲೆ ಒಳ್ಳೆಯದು. ಎಲೆ ಎರಡೇ ಪದರ ಕೋಶಗಳಷ್ಟು ತೆಳು. ಕತ್ತರಿಸಬೇಕಿಲ್ಲ, ಬಣ್ಣ ಬೇಡವೇ ಬೇಡ. ಗಿಡವನ್ನು ಕಾಲು ಗಂಟೆ ಬೆಳಕಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಒಂದು ಎಲೆಯನ್ನು ಅದೇ ನೀರಿನಲ್ಲಿ ಸ್ಲೈಡಿಗೆ ಹಾಕಿ.

40ಎಕ್ಸ್‌ನಲ್ಲಿ ಎಲೆಯ ನಡುನರದ ಹತ್ತಿರದ ಕೋಶಗಳನ್ನು ನೋಡಿ. ಹಸಿರು ಮಣಿಗಳಂಥ ಕ್ಲೋರೋಪ್ಲಾಸ್ಟ್‌ಗಳು ಗೋಡೆಯ ಪಕ್ಕದಲ್ಲೇ ಸಾಲಾಗಿ ಸುತ್ತು ಹಾಕುತ್ತಿರುತ್ತವೆ. ಮೂಲೆ ಬಂದಾಗ ತಿರುಗಿ ಮುಂದೆ ಹೋಗುತ್ತವೆ. ಅವು ತಾವಾಗಿ ಈಜುತ್ತಿಲ್ಲ, ಕೋಶದ್ರವ್ಯ ಹರಿಯುತ್ತಿದೆ, ಅದರ ಜೊತೆ ಇವು ಹೋಗುತ್ತಿವೆ. ನಡುವೆ ಯಾಕೆ ಹಾಯುವುದಿಲ್ಲ? ಅಲ್ಲಿ ರಸದಾನಿ ಕೂತಿದೆ. ಐದನೇ ಹಂತದಲ್ಲಿ ಖಾಲಿ ಕಂಡ ಜಾಗಕ್ಕೆ ಇಲ್ಲಿ ಪುರಾವೆ ಸಿಕ್ಕಿತು.

ತಕ್ಷಣ ಚಲನೆ ಕಾಣದಿದ್ದರೆ ಕೈಬಿಡಬೇಡಿ. ದೀಪದ ಬೆಳಕಿನಲ್ಲೇ ಐದು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಬೇರೆ ಕೋಶ ಹುಡುಕಿ.

## 9. ಉಪ್ಪುನೀರಿನಲ್ಲಿ ಕೋಶಪೊರೆಯನ್ನು ಹಿಡಿಯುವುದು

ಒಂದೇ ಪ್ರಯೋಗ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ. ಕೆಂಪು ಈರುಳ್ಳಿ ಬೇಕು. ಈ ಸಲ ಪೊರೆ ತೆಗೆಯಬೇಕಾದದ್ದು ಎಸಳಿನ ಉಬ್ಬಿದ ಹೊರಮೈಯಿಂದ. ನೇರಳೆ ಬಣ್ಣ ಇರುವುದು ಅಲ್ಲಿ. ಬಿಡಿಸಲು ಸ್ವಲ್ಪ ತ್ರಾಸ, ಸಣ್ಣ ಚೂರು ಬಂದರೂ ಸಾಕು. ಬಣ್ಣ ಹಾಕಬಾರದು. ನೀರಿನಲ್ಲಿಟ್ಟು ಮುಚ್ಚಿ 10ಎಕ್ಸ್‌ನಲ್ಲಿ ನೋಡಿ. ಕೋಶದ ತುಂಬ ಗೋಡೆಯಿಂದ ಗೋಡೆಗೆ ನೇರಳೆ. ಆ ಬಣ್ಣ ರಸದಾನಿಯೊಳಗಿನದು.

ಈಗ ಸ್ಲೈಡನ್ನು ಕದಲಿಸದೆ ಕವರ್ ಸ್ಲಿಪ್ಪಿನ ಒಂದು ಅಂಚಿಗೆ 8 ಗ್ರಾಂ ಲೆಕ್ಕದ ಉಪ್ಪುನೀರು ಎರಡು ಹನಿ ಹಾಕಿ. ಎದುರಿನ ಅಂಚಿಗೆ ಹೀರುವ ಕಾಗದ ತಾಗಿಸಿ. ಕಾಗದ ಹಳೇ ನೀರು ಎಳೆದಂತೆ ಉಪ್ಪುನೀರು ಒಳಗೆ ಬರುತ್ತದೆ. ಒಂದು ಕೋಶದ ಮೇಲೆ ಕಣ್ಣಿಟ್ಟಿರಿ. ಮೊದಲು ಮೂಲೆಗಳಲ್ಲಿ ನೇರಳೆ ಹಿಂದೆ ಸರಿಯುತ್ತದೆ. ಆಮೇಲೆ ಪಕ್ಕಗಳಲ್ಲೂ ಬಿಟ್ಟುಕೊಳ್ಳುತ್ತದೆ. ಕೆಲವೇ ನಿಮಿಷದಲ್ಲಿ ಗೋಡೆ ಇದ್ದಲ್ಲೇ ನಿಂತಿದ್ದು, ನೇರಳೆ ಮುದ್ದೆಯೊಂದು ನಡುವೆ ಕುಗ್ಗಿ ಕೂತಿರುತ್ತದೆ. ಆ ಮುದ್ದೆಯ ನುಣುಪಾದ ಹೊರ ಅಂಚು ಇದೆಯಲ್ಲ, ಕೋಶಪೊರೆ ಇರುವುದು ಅಲ್ಲೇ.

ನಡೆದದ್ದು ಇಷ್ಟು. ಹೊರಗೆ ಉಪ್ಪು ಜಾಸ್ತಿ. ಕೋಶಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನೂ ನೇರಳೆ ಬಣ್ಣವನ್ನೂ ಸುಲಭಕ್ಕೆ ಬಿಡುವುದಿಲ್ಲ. ನೀರು ಹೊರಗೆ ಹೋಯಿತು, ರಸದಾನಿ ಕುಗ್ಗಿತು, ಪೊರೆ ಭಿತ್ತಿಯಿಂದ ಕಳಚಿಕೊಂಡಿತು. ಭಿತ್ತಿ ಮಾತ್ರ ಯಾರನ್ನೂ ತಡೆಯಲಿಲ್ಲ, ಉಪ್ಪುನೀರು ಅದನ್ನು ದಾಟಿ ಒಳಗಿನ ಸಂದಿಯನ್ನು ತುಂಬಿಕೊಂಡಿದೆ. ಭಿತ್ತಿಗೂ ಪೊರೆಗೂ ವ್ಯತ್ಯಾಸ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ನೀರು ಹೀಗೆ ಪೊರೆಯ ಮೂಲಕ ಸಾಗುವುದಕ್ಕೆ ಅಭಿಸರಣೆ ಎಂದು ಹೆಸರು.

ಈಗ ಅದೇ ರೀತಿ ಬರಿ ನೀರು ಹಾಯಿಸಿ. ಕೋಶ ಬದುಕಿದ್ದರೆ ನೇರಳೆ ಮತ್ತೆ ಹಿಗ್ಗಿ ಗೋಡೆ ಮುಟ್ಟುತ್ತದೆ.

ಇಲ್ಲಿ ಸೋಲುವುದಕ್ಕೆ ಕಾರಣಗಳು ಕೆಲವೇ. ಅಯೋಡಿನ್ ಹಾಕಿದ ಪೊರೆಯನ್ನೇ ಮತ್ತೆ ಬಳಸಿದರೆ ಏನೂ ಆಗದು, ಸತ್ತ ಕೋಶದ ಕೋಶಪೊರೆ ಯಾರನ್ನೂ ತಡೆಯುವುದಿಲ್ಲ. ಉಪ್ಪು ತೀರಾ ಜಾಸ್ತಿಯಾದರೆ ಅಥವಾ ಬಹಳ ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ, ಮರಳಿ ಹಿಗ್ಗುವುದಿಲ್ಲ. ನೇರಳೆ ಬಣ್ಣ ಸುತ್ತಲಿನ ನೀರಿಗೆ ಸೋರತೊಡಗಿದರೆ ಅದೇ ಸಾವಿನ ಗುರುತು.

## 10. ಕಾಣದ ಭಾಗಗಳನ್ನು ಕಲಿಯುವ ದಾರಿ

ಪ್ರೋಟೀನ್ ಪೋಣಿಸುವ ಪುಟ್ಟ ಯಂತ್ರವಾದ ರೈಬೋಸೋಮ್ ಸುಮಾರು 25 ನ್ಯಾನೋಮೀಟರ್. ನಮ್ಮ ಮೈಕ್ರೋಸ್ಕೋಪಿನ ಮಿತಿ 200. ಇಂಥವಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಇವನ್ನು ಪಟ್ಟಿಯಾಗಿ ಉರುಹೊಡೆದರೆ ಒಂದು ವಾರದಲ್ಲಿ ಅದಲುಬದಲಾಗುತ್ತವೆ. ಒಂದೇ ಒಂದು ಪ್ರೋಟೀನಿನ ಹಿಂದೆ ಹೋಗಿ.

ಇನ್ಸುಲಿನ್ ತೆಗೆದುಕೊಳ್ಳೋಣ. ಮೇದೋಜೀರಕ ಗ್ರಂಥಿಯ ಒಂದು ಬಗೆಯ ಕೋಶ ಇದನ್ನು ಮಾಡುತ್ತದೆ. ಕೋಶಕೇಂದ್ರದಲ್ಲಿರುವ ಡಿಎನ್‌ಎ ಹೊರಗೆ ಬರುವುದಿಲ್ಲ. ಅದರ ಒಂದು ಭಾಗದ ನಕಲು ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದ ರಂಧ್ರದಿಂದ ಆಚೆ ಬರುತ್ತದೆ. ರೈಬೋಸೋಮ್ ಆ ನಕಲನ್ನು ಓದಿ, ಪ್ರೋಟೀನಿನ ಬಿಡಿ ಮಣಿಗಳಾದ ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಪೋಣಿಸುತ್ತದೆ. ಈ ರೈಬೋಸೋಮ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಜಾಲಕ್ಕೆ ಅಂಟಿಕೊಂಡಿರುತ್ತದೆ. ಸರಪಳಿ ಅದರೊಳಗೆ ಇಳಿದು ಮಡಚಿಕೊಂಡು ಆಕಾರ ಪಡೆಯುತ್ತದೆ. ಅಲ್ಲಿಂದ ಪುಟ್ಟ ಪೊರೆಚೀಲದಲ್ಲಿ ಗಾಲ್ಗಿ ಎಂಬ, ಪೊರೆಗಳ ಅಟ್ಟಿಯಂಥ ಭಾಗಕ್ಕೆ ಹೋಗುತ್ತದೆ. ಗಾಲ್ಗಿ ವಿಂಗಡಿಸಿ ಇನ್ನೊಂದು ಚೀಲಕ್ಕೆ ತುಂಬುತ್ತದೆ. ಆ ಚೀಲದೊಳಗೆ ಬೇಡದ ತುಂಡು ಕತ್ತರಿಸಿಹೋಗಿ 51 ಅಮೈನೋ ಆಮ್ಲಗಳ ಇನ್ಸುಲಿನ್ ಉಳಿಯುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಚೀಲ ಕೋಶಪೊರೆಗೆ ಬೆಸೆದುಕೊಂಡು ತೆರೆಯುತ್ತದೆ, ಇನ್ಸುಲಿನ್ ಹೊರಗೆ. ಇಷ್ಟಕ್ಕೂ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಮೈಟೋಕಾಂಡ್ರಿಯಾ ತಯಾರಿಸುವ, ಶಕ್ತಿ ಹೊತ್ತೊಯ್ಯುವ ಅಣುವಾದ ಎಟಿಪಿಯಿಂದ.

ಈ ದಾರಿಯನ್ನು ಪುಸ್ತಕ ಮುಚ್ಚಿ ಒಂದು ಖಾಲಿ ಹಾಳೆಯಲ್ಲಿ ಬಾಣಗಳಿಂದ ಬರೆಯಿರಿ. ಎಲ್ಲಿ ಪೆನ್ಸಿಲ್ ನಿಂತಿತೋ ಆ ಭಾಗವನ್ನಷ್ಟೇ ಮತ್ತೆ ಓದಿ. ಲೈಸೋಸೋಮ್ ಈ ದಾರಿಯಲ್ಲಿ ಬರಲಿಲ್ಲ. ಹಳೆಯ, ಕೆಟ್ಟ ಭಾಗಗಳನ್ನು ಒಡೆದು ಮರುಬಳಕೆಗೆ ಕೊಡುವುದು ಅದರ ಕೆಲಸ.

ಗಿಡದ ಕೋಶಕ್ಕೆ ಕ್ಲೋರೋಪ್ಲಾಸ್ಟ್ ಇದೆ, ಹಾಗಾಗಿ ಮೈಟೋಕಾಂಡ್ರಿಯಾ ಇಲ್ಲ ಎಂದು ಬರೆಯುವವರು ಬಹಳ. ಎರಡೂ ಇವೆ. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯಿಂದ ಶಕ್ತಿ ಬಿಡಿಸಲು ಗಿಡಕ್ಕೂ ಮೈಟೋಕಾಂಡ್ರಿಯಾ ಬೇಕೇ ಬೇಕು. ಎಲ್ಲ ಕೋಶದಲ್ಲೂ ಕೋಶಕೇಂದ್ರ ಇದ್ದೇ ಇರುತ್ತದೆ ಎಂಬುದೂ ತಪ್ಪು. ನಮ್ಮ ಬಲಿತ ಕೆಂಪು ರಕ್ತಕಣದಲ್ಲಿ ಅದಿಲ್ಲ.

## 11. ಚಿತ್ರ ಬರೆಯುವುದು

ಮೈಕ್ರೋಸ್ಕೋಪಿನ ಪಕ್ಕದಲ್ಲೇ ಕೂತು ಬರೆಯಿರಿ, ಮನೆಗೆ ಹೋಗಿ ನೆನಪಿನಿಂದ ಬೇಡ. ಚೂಪಾದ ಪೆನ್ಸಿಲ್, ಒಂದೇ ಗೆರೆ, ನೆರಳು ತುಂಬಬೇಡಿ. ಮೂರು ನಾಲ್ಕು ಕೋಶ ದೊಡ್ಡದಾಗಿ ಸಾಕು. ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು. ಬಳಸಿದ ಬಣ್ಣ, ವರ್ಧನೆ, ಅಳೆದ ಉದ್ದ ಕೆಳಗೆ ಬರೆಯಿರಿ. ಕಂಡದ್ದಕ್ಕೆ ಮಾತ್ರ ಹೆಸರು ಕೊಡಿ. ಈರುಳ್ಳಿಯ ಬಣ್ಣ ಹಾಕಿದ ಸ್ಲೈಡಿನಲ್ಲಿ ಹಾಗೆ ಕೊಡಬಹುದಾದ ಹೆಸರುಗಳು ನಾಲ್ಕೇ: ಕೋಶಭಿತ್ತಿ, ಕೋಶದ್ರವ್ಯ, ಕೋಶಕೇಂದ್ರ, ರಸದಾನಿ. ಐದನೆಯದಾಗಿ ಕೋಶಪೊರೆ ಬರೆಯಬೇಕಿದ್ದರೆ ಉಪ್ಪುನೀರಿನ ಸ್ಲೈಡಿನ ಚಿತ್ರವನ್ನು ಪಕ್ಕದಲ್ಲಿ ಬರೆದು, ಗೆರೆಯನ್ನು ಆ ನೇರಳೆ ಅಂಚಿಗೆ ಎಳೆಯಿರಿ.